ಮಗುವಿಗೆ ಸಿನಿಮಾ ಟ್ರಿಕ್ಕುಗಳ ಹುಚ್ಚೇ? ಮೊದಲು ಕ್ಯಾಮೆರಾ ಅಲುಗಾಡದಂತೆ ನಿಲ್ಲಿಸಿ

ಪರದೆ ಮೇಲೆ ಯಾರೋ ಹಾರುತ್ತಾರೆ, ಇನ್ಯಾರೋ ಕಣ್ಣೆದುರೇ ಮಾಯವಾಗುತ್ತಾರೆ. "ಇದನ್ನ ಹೇಗೆ ಮಾಡಿದ್ರು?" ಅಂತ ಮಗು ಕೇಳುತ್ತದೆ. "ಅದೆಲ್ಲಾ ಗ್ರಾಫಿಕ್ಸ್, ಕಂಪ್ಯೂಟರ್‌ನಲ್ಲಿ ಮಾಡ್ತಾರೆ" ಅಂದುಬಿಡುತ್ತೇವೆ. ಮಾತು ಅಲ್ಲಿಗೇ ಮುಗಿಯಿತು. ಇದು ತನ್ನ ಕೈಲಾಗುವ ಕೆಲಸವಲ್ಲ ಅಂತ ಮಗು ಸುಮ್ಮನಾಗುತ್ತದೆ. ಇಲ್ಲದಿದ್ದರೆ ದುಬಾರಿ ಲ್ಯಾಪ್‌ಟಾಪ್ ಬೇಕೆಂದು ಹಟ ಹಿಡಿಯುತ್ತದೆ. ಎರಡೂ ಬೇಡ, ಅಲ್ವಾ?

ಈ ಕಲೆ ಕಂಪ್ಯೂಟರಿಗಿಂತ ತುಂಬಾ ಹಳೆಯದು. 1895ರಲ್ಲಿ ಅಮೆರಿಕದ ಎಡಿಸನ್ ಕಂಪನಿಯವರು ರಾಣಿಯೊಬ್ಬಳ ತಲೆ ಕಡಿಯುವ ಪುಟ್ಟ ದೃಶ್ಯ ತೆಗೆದರು. ಕೊಡಲಿ ಮೇಲೆದ್ದಾಗ ಎಲ್ಲರೂ ಇದ್ದಲ್ಲೇ ನಿಂತರು. ಕ್ಯಾಮೆರಾ ನಿಲ್ಲಿಸಿ, ಪಾತ್ರಧಾರಿಯ ಜಾಗಕ್ಕೆ ಗೊಂಬೆ ಇಟ್ಟು, ಮತ್ತೆ ಓಡಿಸಿದರು. ಮರುವರ್ಷ ಫ್ರಾನ್ಸಿನ ಜಾದೂಗಾರ ಜಾರ್ಜ್ ಮೆಲಿಯೆಸ್ ಇದೇ ಉಪಾಯದಿಂದ ಕುರ್ಚಿ ಮೇಲೆ ಕೂತ ಮಹಿಳೆಯನ್ನು ಮಾಯ ಮಾಡಿದ. ರಂಗದ ಮೇಲೆ ಈ ಆಟಕ್ಕೆ ನೆಲದಲ್ಲೊಂದು ಗುಪ್ತ ಬಾಗಿಲು ಬೇಕಿತ್ತು. ಕ್ಯಾಮೆರಾ ಎದುರು ಅದೂ ಬೇಕಾಗಲಿಲ್ಲ.

ಅವರ ಹತ್ತಿರ ಇದ್ದದ್ದಕ್ಕಿಂತ ಎಷ್ಟೋ ಒಳ್ಳೆಯ ಕ್ಯಾಮೆರಾ ಈಗ ನಿಮ್ಮ ಹಳೇ ಫೋನಿನಲ್ಲೇ ಇದೆ. ಹಾಗಾಗಿ ಮೊದಲು ಟ್ರಿಕ್ ಕಲಿಯಲಿ, ಆ್ಯಪ್ ಆಮೇಲೆ ಬರಲಿ. ಈ ಕ್ರಮ ತಿರುಗುಮುರುಗಾದರೆ ಮಗು ರೆಡಿಮೇಡ್ ಎಫೆಕ್ಟ್‌ಗಳನ್ನು ಒತ್ತಿ ಒತ್ತಿ ನೋಡುತ್ತದೆ, ಬೇಗ ಬೇಜಾರಾಗಿ ಬಿಟ್ಟುಬಿಡುತ್ತದೆ. ಬೆರಳಿನಿಂದ ಬೆಂಕಿ ಹಾರಿಸುವ ಆ್ಯಪ್ ನೋಡಲು ಚೆನ್ನಾಗಿಯೇ ಇರುತ್ತದೆ. ಅದರಲ್ಲಿ ಮಗು ಕಂಡುಹಿಡಿದದ್ದು ಏನೂ ಇರುವುದಿಲ್ಲ, ಅಷ್ಟೇ.

ಹಂತ 1: ಫೋನನ್ನು ಕದಲದಂತೆ ಕೂರಿಸಿ

ಮನೆಯಲ್ಲಿ ಮಾಡುವ ಟ್ರಿಕ್ಕುಗಳಲ್ಲಿ ಹೆಚ್ಚಿನವು ನಿಂತಿರುವುದು ಇದರ ಮೇಲೆ. ಶಾಟ್‌ನ ನಡುವೆ ಕ್ಯಾಮೆರಾ ಕೂದಲೆಳೆಯಷ್ಟು ಸರಿದರೂ ಗುಟ್ಟು ರಟ್ಟಾಗುತ್ತದೆ. ಚಿಕ್ಕದೊಂದು ಟ್ರೈಪಾಡ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ದಪ್ಪ ಪುಸ್ತಕಗಳನ್ನು ಜೋಡಿಸಿ, ಮಧ್ಯೆ ಫೋನ್ ಸಿಕ್ಕಿಸಿ, ರಬ್ಬರ್ ಬ್ಯಾಂಡ್ ಹಾಕಿ. ಟೇಬಲ್ ಮೇಲೆ ಇಟ್ಟರೆ ಟೇಬಲ್ಲಿಗೆ ಯಾರೂ ಒರಗಬಾರದು.

ಶುರು ಮಾಡುವ ಮೊದಲು ಲೆನ್ಸ್ ಒರೆಸಿ. ಕರೆ ಬಂದು ರೆಕಾರ್ಡಿಂಗ್ ನಿಲ್ಲದಂತೆ ಏರ್‌ಪ್ಲೇನ್ ಮೋಡ್ ಹಾಕಿ. ಇನ್ನೊಂದನ್ನು ಬಹಳ ಜನ ಮರೆಯುತ್ತಾರೆ. ಫೋಕಸ್ ಮತ್ತು ಬೆಳಕನ್ನು ಲಾಕ್ ಮಾಡಬೇಕು. ಹೆಚ್ಚಿನ ಫೋನುಗಳಲ್ಲಿ ಪರದೆ ಮೇಲೆ ಒಂದೇ ಕಡೆ ಬೆರಳು ಒತ್ತಿ ಹಿಡಿದರೆ ಲಾಕ್ ಆಗುತ್ತದೆ. ಹಾಗೆ ಮಾಡದಿದ್ದರೆ ಮಗು ಚೌಕಟ್ಟಿನಿಂದ ಹೊರಗೆ ಹೋದ ತಕ್ಷಣ ಫೋನ್ ತಾನೇ ಬೆಳಕು ಬದಲಿಸುತ್ತದೆ. ಗೋಡೆಯ ಬಣ್ಣ ಒಂದು ಕ್ಷಣದಲ್ಲಿ ಬೇರೆಯಾಗುತ್ತದೆ. ಆಗ ಯಾವ ಎಡಿಟಿಂಗೂ ಸುಲಭವಾಗಿ ಕಾಪಾಡುವುದಿಲ್ಲ.

ಹಂತ 2: ಮಾಯವಾಗುವ ಆಟ

ಆರು ವರ್ಷದ ಮಗುವೂ ಇದನ್ನು ಮಾಡಬಹುದು. ಎಡಿಟಿಂಗ್ ಬೇಕಿಲ್ಲ, ರೆಕಾರ್ಡಿಂಗನ್ನು ಮಧ್ಯೆ ಪಾಸ್ ಮಾಡುವ, ಅಂದರೆ ತುಸು ನಿಲ್ಲಿಸಿ ಮತ್ತೆ ಮುಂದುವರಿಸುವ ಬಟನ್ ಫೋನಿನಲ್ಲಿದ್ದರೆ ಸಾಕು. ಮಗು ಕೈ ಚಪ್ಪಾಳೆ ತಟ್ಟಿ ಹಾಗೇ ನಿಲ್ಲಲಿ. ನೀವು ಪಾಸ್ ಒತ್ತಿ. ಮಗು ಚೌಕಟ್ಟಿನಿಂದ ಹೊರಗೆ ಬರಲಿ. ಮತ್ತೆ ರೆಕಾರ್ಡಿಂಗ್ ಶುರು ಮಾಡಿ. ನೋಡುವಾಗ ಚಪ್ಪಾಳೆ ಹೊಡೆದ ಕೂಡಲೇ ಮಗು ಮಾಯ.

ಮೊದಲ ಸಲ ನೋಡಿದಾಗ ಮಗು ಕುಣಿದಾಡುತ್ತದೆ. ಎರಡನೇ ಸಲ ತಪ್ಪು ಹುಡುಕಲು ಶುರು ಮಾಡುತ್ತದೆ. ನಿಜವಾದ ಕಲಿಕೆ ಅಲ್ಲಿಂದಲೇ. ಪಕ್ಕದಲ್ಲಿದ್ದ ತಮ್ಮ ಯಾಕೆ ಜಿಗಿದಂತೆ ಕಾಣುತ್ತಾನೆ? ಪಾಸ್ ಆಗಿದ್ದಾಗ ಅವನು ಅಲುಗಾಡಿದ್ದ. ಕಿಟಕಿಯ ಪರದೆ ಯಾಕೆ ಹಾರಿತು? ಫ್ಯಾನ್ ಆರಿಸಿರಲಿಲ್ಲ. ಬಟನ್ ಒತ್ತುವಾಗ ಫೋನ್ ಯಾಕೆ ನಡುಗಿತು? ಇಯರ್‌ಫೋನಿನ ವಾಲ್ಯೂಮ್ ಬಟನ್ನಿನಿಂದ ಶುರು ಮಾಡಿ ನಿಲ್ಲಿಸಿದರೆ ಫೋನ್ ಮುಟ್ಟುವುದೇ ಬೇಡ. ಆದರೆ ಹಾಗೆ ಮಾಡಿದರೆ ಎರಡು ಕ್ಲಿಪ್ ಆಗುತ್ತವೆ, ಅವನ್ನು ಜೋಡಿಸಬೇಕು. ಮೊದಲ ಎಡಿಟಿಂಗ್ ಪಾಠಕ್ಕೆ ಅದೇ ಒಳ್ಳೆಯ ನೆಪ.

ಸ್ವಲ್ಪ ಪಳಗಿದ ಮೇಲೆ ನಿಂತ ಭಂಗಿಯ ಬದಲು ಜಿಗಿತದಲ್ಲಿ ಕತ್ತರಿಸಲು ಹೇಳಿ. ಒಂದು ಬಟ್ಟೆಯಲ್ಲಿ ಜಿಗಿಯುವುದು, ಇನ್ನೊಂದು ಬಟ್ಟೆಯಲ್ಲಿ ಅದೇ ಜಾಗದಲ್ಲಿ ಮತ್ತೆ ಜಿಗಿಯುವುದು. ಎರಡು ಜಿಗಿತಗಳ ತುತ್ತತುದಿಯಲ್ಲಿ ಕತ್ತರಿಸಿ ಸೇರಿಸಿದರೆ ಗಾಳಿಯಲ್ಲೇ ಬಟ್ಟೆ ಬದಲಾಗುತ್ತದೆ. ಚಲನೆಯ ಮಧ್ಯೆ ಕತ್ತರಿ ಬಿದ್ದರೆ ನೋಡುವವರ ಕಣ್ಣಿಗೆ ಅದು ಕಾಣುವುದು ಕಷ್ಟ.

ಹಂತ 3: ಹಿಂದಕ್ಕೆ ಓಡಿಸುವುದು

ಇದಕ್ಕೆ ಜಾಸ್ತಿ ಹೇಳಬೇಕಿಲ್ಲ. ಮುದ್ದೆಯಾದ ಕಾಗದ ತಾನೇ ಬಿಡಿಸಿಕೊಳ್ಳುವುದು, ನೆಲದಲ್ಲಿ ಹರಡಿದ ಆಟಿಕೆಗಳು ಹಾರಿ ಡಬ್ಬಿಗೆ ಸೇರುವುದು, ಎಲ್ಲವೂ ವಿಡಿಯೊವನ್ನು ಹಿಂದಕ್ಕೆ ಓಡಿಸುವ ರಿವರ್ಸ್ ಬಟನ್ನಿನ ಕೆಲಸ. ಒಂದೇ ಒಂದು ಸವಾಲು ಹಾಕಿ: ದೃಶ್ಯವೆಲ್ಲಾ ಹಿಂದಕ್ಕೆ ಓಡಲಿ, ಆದರೆ ಮಗು ಮಾತ್ರ ಮುಂದಕ್ಕೆ ನಡೆಯುತ್ತಿರುವಂತೆ ಕಾಣಬೇಕು. ಅದಕ್ಕೆ ಶೂಟಿಂಗ್‌ನಲ್ಲಿ ಹಿಂದೆ ಹಿಂದೆ ನಡೆಯಬೇಕು, ಅದೂ ಸಹಜವಾಗಿ. ಬೆನ್ನ ಹಿಂದೆ ಎಡವುವಂಥದ್ದೇನೂ ಇಲ್ಲ ಅಂತ ನೀವು ನೋಡಿಕೊಳ್ಳಿ.

ಹಂತ 4: ಒಬ್ಬರೇ ಇಬ್ಬರಾಗುವುದು, ಆಮೇಲೆ ತೇಲುವುದು

ಇಲ್ಲಿ ಎಡಿಟಿಂಗ್ ಆ್ಯಪ್ ಬೇಕು. ಒಂದರ ಮೇಲೊಂದು ವಿಡಿಯೊ ಇಡಲು ಬಿಡುವ, ಮಾಸ್ಕ್ (ವಿಡಿಯೊದ ಒಂದು ಭಾಗವನ್ನು ಮರೆಮಾಡುವ ಸೌಲಭ್ಯ) ಇರುವ ಯಾವ ಆ್ಯಪ್ ಆದರೂ ನಡೆಯುತ್ತದೆ. ಮಗು ಮೊದಲು ಎಡಗಡೆ ಕೂತು ಮಾತಾಡಲಿ. ಕ್ಯಾಮೆರಾ ಮುಟ್ಟದೆ, ಆಮೇಲೆ ಬಲಗಡೆ ಕೂತು ಉತ್ತರ ಕೊಡಲಿ. ಎರಡನ್ನೂ ಮೇಲೆ ಕೆಳಗೆ ಇಟ್ಟು, ಮಾಸ್ಕ್ ಹಾಕಿ ಮೇಲಿನದರ ಅರ್ಧ ಮರೆಮಾಡಿದರೆ ಒಂದೇ ಮಗು ತನ್ನ ಜೊತೆ ತಾನೇ ಜಗಳವಾಡುತ್ತದೆ. ನಡುವಿನ ಗೆರೆಯನ್ನು ಯಾರೂ ದಾಟಬಾರದು, ನೆರಳೂ ದಾಟಬಾರದು. ನೆಲದಲ್ಲಿ ಟೇಪಿನ ಚೂರು ಅಂಟಿಸಿ ಗುರುತು ಮಾಡಿಕೊಳ್ಳಿ, ಆದರೆ ಕ್ಯಾಮೆರಾಗೆ ಕಾಣದ ಕಡೆ.

ತೇಲುವ ಟ್ರಿಕ್ ಇದರ ಅಣ್ಣ. ಮೊದಲು ಖಾಲಿ ಕೋಣೆಯ ಕೆಲವು ಸೆಕೆಂಡ್ ತೆಗೆದುಕೊಳ್ಳಿ. ಮಕ್ಕಳು ಇದನ್ನು ಬೋರ್ ಅಂತ ಬಿಟ್ಟುಬಿಡುತ್ತಾರೆ, ಆಮೇಲೆ ಇದಕ್ಕಾಗಿಯೇ ಪರದಾಡುತ್ತಾರೆ. ಹಾಗಾಗಿ ಖಾಲಿ ಶಾಟ್ ಮೊದಲು ಅನ್ನುವ ನಿಯಮ ಮಾಡಿಬಿಡಿ. ಆಮೇಲೆ ಮಗು ಗಟ್ಟಿಯಾದ, ಕುಳ್ಳಗಿನ ಸ್ಟೂಲ್ ಮೇಲೆ ಹೊಟ್ಟೆ ಊರಿ ಮಲಗಿ ಕೈಕಾಲು ಚಾಚಲಿ. ಮೇಲಿನ ವಿಡಿಯೊದಲ್ಲಿ ಸ್ಟೂಲ್ ಇರುವ ಭಾಗವನ್ನು ಮಾಸ್ಕಿನಿಂದ ತೆಗೆದರೆ ಕೆಳಗಿನ ಖಾಲಿ ಕೋಣೆ ಕಾಣುತ್ತದೆ. ಸಡಿಲವಾದ, ಜೋತುಬೀಳುವ ಬಟ್ಟೆ ಹಾಕಿದರೆ ಸ್ಟೂಲ್ ಮತ್ತು ಹೊಟ್ಟೆ ಸೇರುವ ಜಾಗ ಮರೆಯಾಗುತ್ತದೆ. ನೆಲದ ಮೇಲಿನ ಮಗುವಿನ ನೆರಳನ್ನು ಉಳಿಸಿಕೊಂಡರೆ ತೇಲುವುದು ನಿಜ ಅನ್ನಿಸುತ್ತದೆ. ನೆರಳೂ ಅಳಿಸಿಹೋದರೆ ಮಗುವನ್ನು ಕತ್ತರಿಸಿ ಅಂಟಿಸಿದಂತೆ ಕಾಣುತ್ತದೆ.

ಹಂತ 5: ಆಟಿಕೆ ದೊಡ್ಡದಾಗುವ ಗುಟ್ಟು

ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ ಇದು. ಗಣಿತ ಅಂದರೆ ಮೂಗು ಮುರಿಯುವ ಮಗುವೂ ಇಲ್ಲಿ ತಾನಾಗಿ ಲೆಕ್ಕ ಹಾಕುತ್ತದೆ.

ಕ್ಯಾಮೆರಾಗೆ ಒಂದೇ ಕಣ್ಣು. ದೂರ ಎಷ್ಟು ಅಂತ ಅದಕ್ಕೆ ತಿಳಿಯುವುದಿಲ್ಲ. 20 ಸೆಂಟಿಮೀಟರಿನ ಡೈನೋಸಾರ್ ಬೊಂಬೆಯನ್ನು ಲೆನ್ಸಿನಿಂದ 30 ಸೆಂಟಿಮೀಟರ್ ದೂರದಲ್ಲಿ ಇಡಿ. ಮಗುವನ್ನು 3 ಮೀಟರ್ ದೂರದಲ್ಲಿ ನಿಲ್ಲಿಸಿ. ಬೊಂಬೆಗಿಂತ ಮಗು ಹತ್ತು ಪಟ್ಟು ದೂರವಿದೆ. ಹಾಗಾಗಿ ಮಗುವಿನ ಪಕ್ಕದಲ್ಲಿ ಬೊಂಬೆ 2 ಮೀಟರ್ ಎತ್ತರದ ಪ್ರಾಣಿಯಾಗಿ ಕಾಣುತ್ತದೆ. ಬೊಂಬೆಯ ಕಾಲು ಮತ್ತು ಮಗು ನಿಂತ ನೆಲ ಒಂದೇ ಮಟ್ಟದಲ್ಲಿ ಕಾಣುವ ತನಕ ಕ್ಯಾಮೆರಾವನ್ನು ತಗ್ಗಿಸಿ, ಏರಿಸಿ ನೋಡಿ. ಎರಡೂ ಸ್ಪಷ್ಟವಾಗಿರಬೇಕು, ಆದ್ದರಿಂದ ಬಿಸಿಲಿನಲ್ಲಿ, ವೈಡ್ ಲೆನ್ಸಿನಲ್ಲಿ ತೆಗೆಯುವುದು ಒಳ್ಳೆಯದು. ಇನ್ನು ಮಗು ನೋಡಬೇಕಾದದ್ದು ಡೈನೋಸಾರಿನ ಕಡೆಗಲ್ಲ, ಡೈನೋಸಾರ್ ಇರುವಂತೆ ಕಾಣುವ ಖಾಲಿ ಜಾಗದ ಕಡೆಗೆ. ಇದನ್ನು ಸರಿಮಾಡಲು ಒಬ್ಬರು ಫೋನಿನ ಹತ್ತಿರ ನಿಂತು "ಸ್ವಲ್ಪ ಮೇಲೆ, ಇನ್ನೂ ಎಡಕ್ಕೆ" ಅಂತ ಕೂಗುತ್ತಿರಬೇಕು.

ಆಟಿಕೆ ಚಲಿಸಿದ ಕೂಡಲೇ ಮಾತ್ರ ಬಣ್ಣ ಬಯಲಾಗುತ್ತದೆ. ರಟ್ಟಿನ ಗೋಪುರ ಬೀಳುವುದನ್ನು ತೆಗೆದು ನೋಡಿ. ಎಷ್ಟು ಹತ್ತಿರದಿಂದ ತೆಗೆದರೂ ಅದು ರಟ್ಟಿನ ಗೋಪುರವೇ. ಯಾಕೆ? ತೀರಾ ಬೇಗ ಬೀಳುತ್ತದೆ. 1 ಮೀಟರ್ ಎತ್ತರದಿಂದ ಬಿದ್ದ ಕಲ್ಲು ಸುಮಾರು 0.45 ಸೆಕೆಂಡಿನಲ್ಲಿ ನೆಲ ಮುಟ್ಟುತ್ತದೆ. 16 ಮೀಟರ್ ಎತ್ತರದಿಂದ ಬಿದ್ದರೆ ಸುಮಾರು 1.8 ಸೆಕೆಂಡ್ ಬೇಕು. ಎತ್ತರ ಹದಿನಾರು ಪಟ್ಟು, ಸಮಯ ನಾಲ್ಕು ಪಟ್ಟು. ಅಂದರೆ 1 ಮೀಟರಿನ ಗೋಪುರ 16 ಮೀಟರಿನದು ಅನ್ನಿಸಬೇಕಾದರೆ ನಾಲ್ಕು ಪಟ್ಟು ನಿಧಾನವಾಗಬೇಕು. ಫೋನಿನ ಸ್ಲೋ ಮೋಷನ್‌ನಲ್ಲಿ ಸೆಕೆಂಡಿಗೆ 120 ಫ್ರೇಮ್ (ಬಿಡಿ ಚಿತ್ರ) ತೆಗೆದು, 30 ಫ್ರೇಮಿನಲ್ಲಿ ಓಡಿಸಿದರೆ ಸರಿಯಾಗಿ ನಾಲ್ಕು ಪಟ್ಟು. 240 ಫ್ರೇಮ್ ತೆಗೆಯುವ ಫೋನ್ ಆದರೆ ಎಂಟು ಪಟ್ಟು, ಅಂದರೆ 1 ಮೀಟರನ್ನು 64 ಮೀಟರ್ ಅಂತ ನಂಬಿಸಬಹುದು. ಸಿನಿಮಾದವರು ಪುಟ್ಟ ಮಾದರಿ ಹಡಗು, ಅಣೆಕಟ್ಟುಗಳನ್ನು ತೆಗೆಯುವಾಗ ಹಾಕುವ ಲೆಕ್ಕವೂ ಇದೇ. ಈ ಉತ್ತರವನ್ನು ಮೊದಲೇ ಹೇಳಿಬಿಡಬೇಡಿ. ಒಂದೇ ಬೀಳುವಿಕೆಯನ್ನು ಎರಡು ವೇಗದಲ್ಲಿ ತೋರಿಸಿ "ಯಾವುದು ದೊಡ್ಡದು ಅನ್ನಿಸುತ್ತೆ?" ಅಂತ ಕೇಳಿ, ಅಷ್ಟೇ.

ಸ್ಲೋ ಮೋಷನ್ ಮನೆಯ ದೀಪದಡಿ ಬೇಡ. ಹಲವು ವಿದ್ಯುತ್ ದೀಪಗಳು ಸೆಕೆಂಡಿಗೆ 100 ಅಥವಾ 120 ಸಲ ಮಿನುಗುತ್ತವೆ. ನಮ್ಮ ಕಣ್ಣಿಗೆ ಕಾಣದ ಆ ಮಿನುಗು ಸ್ಲೋ ಮೋಷನ್‌ನಲ್ಲಿ ಪಟಪಟ ಹೊಡೆದುಕೊಳ್ಳುತ್ತದೆ. ಹಗಲಲ್ಲಿ ಕಿಟಕಿ ಪಕ್ಕ ಅಥವಾ ಹೊರಗೆ ತೆಗೆಯಿರಿ.

ಮೋಡ ಬೇಕೇ? ಪಾರದರ್ಶಕ ಗಾಜಿನ ಪಾತ್ರೆಯಲ್ಲಿ ಅರ್ಧದ ತನಕ ಉಪ್ಪು ಕರಗಿಸಿದ ನೀರು ಹಾಕಿ, ನಿಲ್ಲಲು ಬಿಡಿ. ಅದರ ಮೇಲೆ ಚಮಚದ ಬೆನ್ನಿಗೆ ತಾಗಿಸುತ್ತಾ ಬರೀ ನೀರನ್ನು ನಿಧಾನವಾಗಿ ಸುರಿಯಿರಿ. ಉಪ್ಪುನೀರು ಭಾರ, ಹಾಗಾಗಿ ಅದು ಕೆಳಗೇ ಉಳಿಯುತ್ತದೆ. ಈಗ ಡ್ರಾಪರ್‌ನಿಂದ ತೆಳ್ಳಗೆ ಕಲಸಿದ ಬಿಳಿ ಬಣ್ಣವನ್ನು ಮೇಲಿನ ನೀರಿಗೆ ಬಿಡಿ. ಅದು ಉರುಳುತ್ತಾ ಇಳಿದು ಉಪ್ಪುನೀರಿನ ಮೇಲೆ ಹರಡಿಕೊಳ್ಳುತ್ತದೆ. ಹಿಂದೆ ಕಪ್ಪು ಬಟ್ಟೆ, ಪಕ್ಕದಿಂದ ಟಾರ್ಚ್. ಕ್ಯಾಮೆರಾ ಗಾಜಿಗೆ ಹತ್ತಿರ. ಬಿರುಗಾಳಿಯ ಮೋಡ ಸಿದ್ಧ. ಆ ವಿಡಿಯೊವನ್ನು ತಲೆಕೆಳಗು ಮಾಡಿದರೆ ಹೊಗೆ ಮೇಲಕ್ಕೆ ಉಕ್ಕುತ್ತದೆ, ಜ್ವಾಲಾಮುಖಿಗೆ ಬಳಸಬಹುದು. ಕಂಪ್ಯೂಟರ್ ಬರುವ ಮುಂಚೆ ಸಿನಿಮಾಗಳ ಎಷ್ಟೋ ಭಯಂಕರ ಮೋಡಗಳು ಹೀಗೆ ನೀರಿನ ತೊಟ್ಟಿಯಲ್ಲೇ ಹುಟ್ಟಿದ್ದವು.

ಹಂತ 6: ಸ್ಟಾಪ್ ಮೋಷನ್, ತಾಳ್ಮೆ ಇರುವವರಿಗೆ

ಬೊಂಬೆಯನ್ನು ಚೂರೇ ಚೂರು ಸರಿಸಿ ಒಂದು ಫೋಟೊ, ಮತ್ತೆ ಸರಿಸಿ ಇನ್ನೊಂದು. ಸೆಕೆಂಡಿಗೆ 12 ಫೋಟೊ ಲೆಕ್ಕ ಹಿಡಿದರೆ 10 ಸೆಕೆಂಡಿಗೆ 120 ಫೋಟೊ. ಮೊದಲ ಸಲಕ್ಕೆ ಅಷ್ಟೆಲ್ಲ ಬೇಡ, 3 ಸೆಕೆಂಡ್ ಸಾಕು. ಸ್ಟಾಪ್ ಮೋಷನ್ ಸ್ಟುಡಿಯೊದಂಥ ಆ್ಯಪ್‌ಗಳಲ್ಲಿ ಹಿಂದಿನ ಫೋಟೊ ಮಸುಕಾಗಿ ಮೇಲೆ ಕಾಣುತ್ತದೆ, ಎಷ್ಟು ಸರಿಸಿದೆವು ಅಂತ ತಿಳಿಯುತ್ತದೆ. ಮಗು ಗಾಢ ಬಣ್ಣದ ಅಂಗಿ ಹಾಕಲಿ. ಬಿಳಿ ಅಂಗಿಯಿಂದ ಬೆಳಕು ಚಿಮ್ಮಿ ಫೋಟೊದಿಂದ ಫೋಟೊಗೆ ಬೆಳಕು ಬದಲಾಗುತ್ತದೆ. ಕಿಟಕಿ ಮುಚ್ಚಿ ದೀಪ ಹಾಕಿಕೊಳ್ಳುವುದೂ ಅದಕ್ಕೇ. ಹೊರಗೆ ಮೋಡ ಬಂದು ಹೋದಾಗೆಲ್ಲ ದೃಶ್ಯ ಕಪ್ಪಾಗಿ ಬೆಳಗಾಗುತ್ತದೆ.

ಎಲ್ಲಾ ಮಕ್ಕಳಿಗೂ ಇದು ಹಿಡಿಸುವುದಿಲ್ಲ. ಹಿಡಿಸದಿದ್ದರೆ ಬಿಟ್ಟುಬಿಡಿ. ಇದನ್ನು ಮುಗಿಸಲೇಬೇಕು ಅಂತ ಕೂರಿಸಿದರೆ ಉಳಿದ ಆಸೆಯೂ ಹೋಗುತ್ತದೆ.

ಹಂತ 7: ಗ್ರೀನ್ ಸ್ಕ್ರೀನ್, ಕೊನೆಗೆ

ಹಿಂದೆ ಹಸಿರು ಬಟ್ಟೆ ಕಟ್ಟಿ ಶೂಟ್ ಮಾಡಿ, ಆಮೇಲೆ ಆ್ಯಪ್‌ನಲ್ಲಿ ಆ ಹಸಿರನ್ನು ಅಳಿಸಿ ಬೇರೆ ಚಿತ್ರ ಕೂರಿಸುವ ಟ್ರಿಕ್ ಇದು. ಮಕ್ಕಳು ಮೊದಲು ಕೇಳುವುದೇ ಇದನ್ನು. ನಾನು ಕೊನೆಗೆ ಇಟ್ಟಿದ್ದೇನೆ. ಬೆಳಕಿನ ಬಗ್ಗೆ ಗೊತ್ತಿಲ್ಲದೆ ಕೂತರೆ ಕೂದಲಿನ ಸುತ್ತ ಹಸಿರು ಅಂಚು ಬಂದು ನಿರಾಸೆಯಾಗುತ್ತದೆ. ಹಸಿರೇ ಯಾಕೆ ಅಂದರೆ, ಅದು ಚರ್ಮದ ಬಣ್ಣದಿಂದ ದೂರ. ಅಲ್ಲದೆ ಕ್ಯಾಮೆರಾ ಸೆನ್ಸರುಗಳಲ್ಲಿ ಸಾಮಾನ್ಯವಾಗಿ ಪ್ರತಿ ನಾಲ್ಕು ಬಿಂದುಗಳಲ್ಲಿ ಎರಡು ಹಸಿರಿಗೇ ಮೀಸಲು. ಕೆಂಪಿಗೆ, ನೀಲಿಗೆ ಒಂದೊಂದು. ಹಾಗಾಗಿ ಹಸಿರು ಚೊಕ್ಕವಾಗಿ ದಾಖಲಾಗುತ್ತದೆ.

ಮಿನುಗದ ಹಸಿರು ಬಟ್ಟೆ ಅಥವಾ ಬಣ್ಣದ ಕಾಗದ ಸಾಕು. ಸುಕ್ಕಿಲ್ಲದಂತೆ ಇಸ್ತ್ರಿ ಮಾಡಿ ಬಿಗಿಯಾಗಿ ಕಟ್ಟಿ. ಮಗು ಬಟ್ಟೆಯಿಂದ ಒಂದೂವರೆ, ಎರಡು ಮೀಟರ್ ಮುಂದೆ ನಿಲ್ಲಲಿ. ಬಟ್ಟೆಗೆ ಬೇರೆ ಬೆಳಕು, ಮಗುವಿಗೆ ಬೇರೆ. ಹಿಂದೆ ಹಾಕುವ ಚಿತ್ರದಲ್ಲಿ ಬಿಸಿಲು ಯಾವ ಕಡೆಯಿಂದ ಬರುತ್ತಿದೆಯೋ ಮಗುವಿನ ಮೇಲಿನ ಬೆಳಕೂ ಆ ಕಡೆಯಿಂದಲೇ ಬರಬೇಕು. ಗ್ರೀನ್ ಸ್ಕ್ರೀನ್ ಕೆಟ್ಟದಾಗಿ ಕಾಣಲು ಮುಖ್ಯ ಕಾರಣ ಬೆಳಕು ಹೊಂದದಿರುವುದು, ಆ್ಯಪ್ ಅಲ್ಲ.

ಮಗು ಇಷ್ಟು ದೂರ ಬಂದಮೇಲೂ ಆಸೆ ಉಳಿದಿದ್ದರೆ ಆಗ ಕಂಪ್ಯೂಟರ್ ಕೊಡಿ. ಡಾವಿಂಚಿ ರಿಸಾಲ್ವ್ ಅನ್ನುವ ಎಡಿಟಿಂಗ್ ಸಾಫ್ಟ್‌ವೇರ್‌ಗೆ ಉಚಿತ ಆವೃತ್ತಿ ಇದೆ, ಆದರೆ ಅದಕ್ಕೆ ಗಟ್ಟಿ ಕಂಪ್ಯೂಟರ್ ಬೇಕು. ಬ್ಲೆಂಡರ್ ಅನ್ನುವ ಸಾಫ್ಟ್‌ವೇರ್ ಪೂರ್ತಿ ಉಚಿತ. ಅದರಲ್ಲಿ ಮೂರು ಆಯಾಮದ ವಸ್ತುಗಳನ್ನು ಮಾಡಿ ನಿಜವಾದ ವಿಡಿಯೊದೊಳಗೆ ಕೂರಿಸಬಹುದು. ಕಲಿಯಲು ತಿಂಗಳುಗಳೇ ಬೇಕು ಅಂತ ಮೊದಲೇ ಹೇಳಿಬಿಡಿ.

ಸದ್ದನ್ನು ಮರೆಯಬೇಡಿ

ಸುಮಾರಾದ ಟ್ರಿಕ್ಕನ್ನೂ ಸದ್ದು ಎತ್ತಿ ನಿಲ್ಲಿಸುತ್ತದೆ. ತೆಂಗಿನ ಚಿಪ್ಪುಗಳನ್ನು ತಟ್ಟಿದರೆ ಕುದುರೆ ಓಟ, ಗರಿಗರಿ ಪ್ಲಾಸ್ಟಿಕ್ ಹಾಳೆಯನ್ನು ಮೆಲ್ಲಗೆ ಹಿಚುಕಿದರೆ ಬೆಂಕಿ, ತೆಳು ತಗಡು ಅಲುಗಿಸಿದರೆ ಗುಡುಗು. ಕ್ಯಾಮೆರಾ ಎದುರು ಬರಲು ನಾಚುವ ಮಗುವಿಗೆ ಈ ಕೆಲಸ ಬಲು ಇಷ್ಟವಾಗಬಹುದು. ಕೇಳಿ ನೋಡಿ.

ನಿಮ್ಮ ಕೆಲಸವೇನು?

ನೀವು ಸಹಾಯಕರು. ಟಾರ್ಚ್ ಹಿಡಿಯಿರಿ, ಫ್ಯಾನ್ ಆರಿಸಿ, ರಾಕ್ಷಸನಾಗಿ ಬಿದ್ದು ಸಾಯಿರಿ. ನಿರ್ದೇಶನ ಮಗುವಿನದ್ದು. ವಿಡಿಯೊ ತೋರಿಸಿದಾಗ "ಸೂಪರ್" ಅಂದು ಫೋನ್ ವಾಪಸ್ ಕೊಡುವುದಕ್ಕಿಂತ "ಆ ಬಾಗಿಲು ಯಾವಾಗ ಮುಚ್ಚಿದೆ? ನನಗೆ ಗೊತ್ತೇ ಆಗಲಿಲ್ಲ" ಅನ್ನಿ. ತಪ್ಪು ಕಂಡರೂ ನೀವೇ ತೋರಿಸಬೇಡಿ. ಇನ್ನೊಂದು ಸಲ ಹಾಕಲು ಹೇಳಿ, ತಾನೇ ಹಿಡಿಯುತ್ತದೆ. ಎಡಿಟಿಂಗ್‌ನಲ್ಲಿ ಫೋನ್ ಕಿತ್ತುಕೊಂಡು "ಹೀಗೆ ಮಾಡು" ಅನ್ನುವ ಆಸೆ ನಮಗೆಲ್ಲ ಬರುತ್ತದೆ. ತಡೆದುಕೊಳ್ಳಿ.

ಮಗು ಅರ್ಧ ಗಂಟೆಯ ಮಹಾಕಥೆ ಬರೆದುಕೊಂಡು ಬಂದರೆ ಬೇಡ ಅನ್ನಬೇಡಿ. "ಇದರಲ್ಲಿ ಎಲ್ಲಕ್ಕಿಂತ ಮಜವಾದ ಅರ್ಧ ನಿಮಿಷ ಯಾವುದು? ಅದನ್ನ ಈ ವಾರ ಮಾಡೋಣ" ಅನ್ನಿ.

ಕೆಲವು ಗಟ್ಟಿ ನಿಯಮಗಳು

ಇವುಗಳಲ್ಲಿ ಮಾತ್ರ ರಾಜಿ ಇಲ್ಲ. ನಿಜವಾದ ಬೆಂಕಿ, ಪಟಾಕಿ ಬೇಡ. ಹೊಗೆಗಾಗಿ ಹಿಟ್ಟು ಎರಚುವುದನ್ನು ಮಕ್ಕಳು ಎಲ್ಲೋ ನೋಡಿರುತ್ತಾರೆ. ಗಾಳಿಯಲ್ಲಿ ತೇಲುವ ಹಿಟ್ಟಿನ ಪುಡಿಗೆ ಕಿಡಿ ತಾಗಿದರೆ ಭಗ್ಗನೆ ಹೊತ್ತಿಕೊಳ್ಳಬಹುದು. ಡ್ರೈ ಐಸ್ (ಹೆಪ್ಪುಗಟ್ಟಿದ ಇಂಗಾಲದ ಡೈಆಕ್ಸೈಡ್) ಕೂಡ ಬೇಡ. ಅದು ಮುಟ್ಟಿದರೆ ಚರ್ಮ ಸುಡುತ್ತದೆ, ಮುಚ್ಚಿದ ಕೋಣೆಯಲ್ಲಿ ಉಸಿರು ಕಟ್ಟಿಸುತ್ತದೆ. ಲೇಸರ್ ಲೈಟ್ ಕಣ್ಣಿಗೂ ಅಪಾಯ, ಕ್ಯಾಮೆರಾ ಸೆನ್ಸರಿಗೂ. ಎತ್ತರದಿಂದ ಜಿಗಿಯುವ ದೃಶ್ಯ ಬೇಕಾದರೆ ನೆಲದ ಮಟ್ಟದ ಕ್ಯಾಮೆರಾ ಮತ್ತು ಒಂದು ಮೆಟ್ಟಿಲು ಸಾಕು. ಇನ್ನೊಂದು, ಸೆಕೆಂಡಿಗೆ ಮೂರಕ್ಕಿಂತ ಜಾಸ್ತಿ ಸಲ ಫಳಫಳ ಹೊಳೆಯುವ ದೃಶ್ಯ ಮಾಡಬೇಡಿ. ಕೆಲವರಿಗೆ ಅದರಿಂದ ಫಿಟ್ಸ್ ಬರಬಹುದು. ಆಟದ ಬಂದೂಕು ಹಿಡಿದು ರಸ್ತೆಯಲ್ಲಿ ಶೂಟಿಂಗ್ ಮಾಡುವುದೂ ಬೇಡ. ಅಪರಿಚಿತರಿಗೆ ಅದು ಆಟ ಅಂತ ಗೊತ್ತಾಗುವುದಿಲ್ಲ.

ಮಾಡಿದ್ದನ್ನು ಲೋಕಕ್ಕೆ ತೋರಿಸುವ ಆತುರ ಮಗುವಿಗೆ ಇದ್ದೇ ಇರುತ್ತದೆ. ಸ್ವಂತ ಯೂಟ್ಯೂಬ್ ಚಾನೆಲ್ ತೆರೆಯಲು ಕನಿಷ್ಠ 13 ವರ್ಷವಾಗಿರಬೇಕು, ಕೆಲವು ದೇಶಗಳಲ್ಲಿ ಇನ್ನೂ ಜಾಸ್ತಿ. ಅಲ್ಲಿಯ ತನಕ ದೊಡ್ಡವರ ಖಾತೆಯಲ್ಲಿ ಪ್ರೈವೇಟ್ ಆಗಿ ಹಾಕಿ, ಬೇಕಾದವರಿಗೆ ಮಾತ್ರ ತೋರಿಸಬಹುದು. ಮನೆಯ ಟಿವಿಯಲ್ಲಿ ಎಲ್ಲರನ್ನೂ ಕೂರಿಸಿ ಒಂದು ಪ್ರದರ್ಶನ ಇಟ್ಟರೆ ಇನ್ನೂ ಚೆನ್ನ. ಹಂಚುವ ಮೊದಲು ಒಮ್ಮೆ ಹಿನ್ನೆಲೆ ನೋಡಿ: ಮನೆ ನಂಬರ್, ವಾಹನದ ನಂಬರ್, ಶಾಲೆಯ ಸಮವಸ್ತ್ರ ಕಾಣುತ್ತಿದೆಯೇ? ಬೇರೆ ಮಕ್ಕಳು ನಟಿಸಿದ್ದರೆ ಅವರ ಮನೆಯವರನ್ನು ಕೇಳದೆ ಎಲ್ಲಿಗೂ ಕಳಿಸಬೇಡಿ.

ಫೋನಿನಲ್ಲಿ ಜಾಗ ಇಲ್ಲ ಅಂತ ಮೂಲ ಕ್ಲಿಪ್‌ಗಳನ್ನು ಅಳಿಸಿಬಿಡಬೇಡಿ. ಪೆನ್‌ಡ್ರೈವ್‌ಗೆ ಹಾಕಿ, ಮಗು ತಾನೇ ಹೆಸರು ಕೊಡಲಿ: ಖಾಲಿ ಕೋಣೆ, ಸ್ಟೂಲ್ ಶಾಟ್, ಮೋಡ 1, ಮೋಡ 2. ಇವತ್ತು ಸರಿಯಾಗಿ ಅಳಿಸಲು ಬಾರದ ಸ್ಟೂಲನ್ನು ಮಾಸ್ಕ್ ಚೆನ್ನಾಗಿ ಕಲಿತ ಮೇಲೆ ಅದೇ ಕ್ಲಿಪ್ ತೆಗೆದು ಮತ್ತೆ ಅಳಿಸಬಹುದು.